ಹಿತ್ತಲೋ ತೋಟವೋ

ನಮ್ಮೂರು ತನ್ನ ಕಾಲದಲ್ಲಿ ಹಲವು ಗಹನವಾದ ಪ್ರಶ್ನೆಗಳನ್ನು ಕೈಗೆತ್ತಿಕೊಂಡಿದೆ. ದೇವರು ಇದ್ದಾನೋ ಇಲ್ಲವೋ ಎಂಬುದನ್ನು ಅರಳಿಕಟ್ಟೆಯ ಮೇಲೆ ಒಂದೇ ಬೆಳಗಿನಲ್ಲಿ, ಅದೂ ಊಟಕ್ಕೆ ಏಳುವ ಮೊದಲೇ, ತೀರ್ಮಾನಿಸಿ ಮುಗಿಸಿದ ಊರು ಇದು. ಸತ್ತ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬ ಬಗ್ಗೆಯೂ ನಮ್ಮವರಲ್ಲಿ ಹೇಳಿಕೊಳ್ಳುವಂಥ ಭಿನ್ನಾಭಿಪ್ರಾಯ ಉಳಿದಿರಲಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಊರನ್ನು ಎರಡು ಪಾಲು ಮಾಡಿತು. ಅದರ ದೆಸೆಯಿಂದ ಬೀಗರು ಬೀಗರ ಮನೆಯಲ್ಲಿ ಕಾಫಿ ಕುಡಿಯದೆ ಎದ್ದುಬಂದರು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ಮಾತಿನ ಬಿಸಿಯಲ್ಲಿ ಇನ್ನರ್ಧವನ್ನು ಉಳಿಸಿಕೊಂಡೇ ಹೊರಟರು. ಪ್ರಶ್ನೆ ಇದು: ಕೆರೆ ಏರಿಯ ಕೆಳಗೆ ನಾಗವೇಣಮ್ಮ ಬೆಳೆ ಇಟ್ಟ ನೆಲದ ತುಂಡನ್ನು ಹಿತ್ತಲು ಎನ್ನಬೇಕೋ, ತೋಟ ಎನ್ನಬೇಕೋ?

ಆ ವರ್ಷವನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಒಂದು ಮೊರ. ಅದು ನೀರುಗಂಟಿ ಗವಿರಂಗಪ್ಪನದು. ಕೆರೆಯ ತೂಬು ಎತ್ತಿ ಇಳಿಸುವುದು, ಯಾರ ನೆಲಕ್ಕೆ ಎಷ್ಟು ಹೊತ್ತು ನೀರು ಎಂದು ನಿಗಾ ಇಡುವುದು ಅವನ ಕೆಲಸ. ಸುಗ್ಗಿಯ ಕಾಲದಲ್ಲಿ ಕಣದಿಂದ ಕಣಕ್ಕೆ, ಉಳಿದ ದಿನಗಳಲ್ಲಿ ತೋಟದಿಂದ ತೋಟಕ್ಕೆ ಮೊರ ಹಿಡಿದು ಹೋಗಿ ತನ್ನ ಪಾಲು ಹಾಕಿಸಿಕೊಳ್ಳುತ್ತಿದ್ದ. ಕಾಲುವೆಯ ದಂಡೆಯ ಮೇಲೆ ನಡೆದುಬರುವಾಗ ಮೊರ ಅವನ ಕಂಕುಳಲ್ಲಿರುತ್ತಿತ್ತು. ನಾಗವೇಣಮ್ಮನ ಬೇಲಿ ಬಂತೋ, ಅದನ್ನು ಬೋರಲು ಮಾಡಿ ತಲೆಯ ಮೇಲೆ ಕವುಚಿಕೊಳ್ಳುತ್ತಿದ್ದ. ಬೇಲಿ ದಾಟಿದ ಮೇಲೆ ಮತ್ತೆ ಕಂಕುಳಿಗೆ. ಊರಿಗೆ ಹೊಸಬರು ಕಂಡಿದ್ದರೆ ಬಿಸಿಲಿಗೆ ಹೆದರುವ ಮನುಷ್ಯ ಎಂದುಕೊಳ್ಳುತ್ತಿದ್ದರು. ಅವನು ಹೆದರುತ್ತಿದ್ದುದು ಬದನೆಕಾಯಿಗೆ.

ನಮ್ಮ ಕೆರೆಯ ಕಟ್ಟಳೆ ಹೀಗಿತ್ತು. ಯಾವ ನೆಲದ ಫಸಲು ನೀರುಗಂಟಿಯ ಮೊರಕ್ಕೆ ಬೀಳುತ್ತದೋ ಆ ನೆಲಕ್ಕೆ ಕಾಲುವೆಯ ನೀರಿನ ಸರದಿ ಉಂಟು. ಗದ್ದೆಯವರು ಭತ್ತ ಹಾಕುತ್ತಿದ್ದರು, ತೋಟದವರು ತಾವು ಬೆಳೆದದ್ದನ್ನು ಹಾಕುತ್ತಿದ್ದರು. ಹಿತ್ತಲು ಎಂಬುದು ಮನೆಮಂದಿಯ ಸಾರಿಗೆ ಮಾತ್ರ ಆದದ್ದರಿಂದ ಅದು ಮೊರಕ್ಕೆ ಬರುವುದಿಲ್ಲ, ಅದಕ್ಕೆ ಸರದಿಯೂ ಇಲ್ಲ. ನೀರು ಬೇಕಾದವರು ಕೆರೆಯಿಂದ ಹೊತ್ತುಕೊಳ್ಳಬೇಕು. ಮೊರಕ್ಕೆ ಹಾಕದವರಿಗೆ ಸರದಿ ಕೊಡುವಂತಿಲ್ಲ, ಸರದಿ ಇಲ್ಲದವರಿಂದ ಮೊರಕ್ಕೆ ಹಾಕಿಸಿಕೊಳ್ಳುವಂತಿಲ್ಲ. ಅಕಸ್ಮಾತ್ ಹಾಕಿಸಿಕೊಂಡರೆ ನೀರು ಕೊಟ್ಟೇ ತೀರಬೇಕು. "ಹಾಗಾದರೆ ಹೊಸಬರು ಇದರೊಳಗೆ ಬರುವುದು ಹೇಗೆ?" ಎಂದು ಒಮ್ಮೆ ಕೆರೆಯ ಯಜಮಾನರಾದ ತಮ್ಮೇಗೌಡರನ್ನು ಕೇಳಿದ್ದೆ. "ಬಂದಿಲ್ವಲ್ಲ," ಎಂದರು ಅವರು, ಕಟ್ಟಳೆಯ ಶ್ರೇಷ್ಠತೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂಬಂತೆ.

ನಾಗವೇಣಮ್ಮ ಮದುವೆ ಅಡುಗೆಯವರು. ಸುತ್ತಮುತ್ತಲಿನ ಯಾವ ಊರಿನಲ್ಲಿ ಲಗ್ನ ಕಟ್ಟಿದರೂ ಮುಹೂರ್ತ ಕೇಳುವ ಮೊದಲು ನಾಗವೇಣಮ್ಮ ಬಿಡುವಾಗಿದ್ದಾರೆಯೇ ಎಂದು ಕೇಳುತ್ತಿದ್ದ ಕಾಲ ಅದು. ಲೋಕದಲ್ಲಿ ಮನುಷ್ಯರನ್ನು ತಲೆಯಿಂದ ಎಣಿಸುತ್ತಾರೆ. ಆಕೆ ಎಲೆಯಿಂದ ಎಣಿಸುತ್ತಿದ್ದರು. ನಮ್ಮೂರು ಎಷ್ಟು ದೊಡ್ಡದು ಎಂದು ಕೇಳಿದರೆ, "ಒಂದು ಪಂಕ್ತಿಗೆ ಮುಗಿಯಲ್ಲ, ಎರಡನೇದಕ್ಕೆ ಜನ ಸಾಲಲ್ಲ, ಅಷ್ಟು," ಎನ್ನುತ್ತಿದ್ದರು. ಅವರ ಯಜಮಾನರು ಶೇಷಪ್ಪನವರು ಬಡಿಸುವವರು. ಮಾತು ಕಡಿಮೆ. ಬಡಿಸುವಾಗ "ಸಾಕಾ?", "ಇನ್ನೊಂಚೂರು?" ಎಂಬ ಎರಡು ಪ್ರಶ್ನೆಗಳನ್ನು ಬಿಟ್ಟರೆ ಅವರ ಬಾಯಿಂದ ಮೂರನೆಯದು ಬಂದದ್ದನ್ನು ಕೇಳಿದವರಿರಲಿಲ್ಲ.

ನಾನು ಆಗ ಊರಿನ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದೆ, ಅಂದರೆ ಅಲ್ಲಿ ಕೂತು ಓದುತ್ತಿದ್ದೆ. ಅದರ ಹಿಂದಿನ ಕಿಟಕಿ ತೆರೆದರೆ ಕೆರೆ ಏರಿ, ಏರಿಯ ಕೆಳಗೆ ಹಳೆಯ ಸುಣ್ಣದ ಗೂಡಿದ್ದ ಬೀಳು ನೆಲ, ಅದರ ಅಂಚಿನಲ್ಲೇ ಹರಿಯುವ ಕಾಲುವೆ. ಆ ಯುಗಾದಿಯ ಬೆಳಗ್ಗೆ ನಾಗವೇಣಮ್ಮ ಬೇವುಬೆಲ್ಲ ತಂದುಕೊಟ್ಟು, ಕಿಟಕಿಯಿಂದಾಚೆಗೆ ಕೈ ತೋರಿಸಿ ಹೇಳಿದರು:

"ಅದನ್ನ ತಗೊಂಡ್ವಿ ಸ್ವಾಮಿ. ಬೇಯಿಸಿದ್ದು ಸಾಕು, ಇನ್ಮೇಲೆ ಬೆಳೀತೀನಿ."

"ಏನು ಬೆಳೀತೀರಿ?"

"ಏನು ಬೇಯಿಸ್ತಿದ್ನೋ ಅದನ್ನೇ. ಬದನೆಕಾಯಿ ನಂಗೆ ಹೆಚ್ಚಿದ ಮೇಲಿಂದ ಗೊತ್ತು. ಅದಕ್ಕೆ ಮುಂಚೆ ಅದು ಏನ್ ಮಾಡ್ಕೊಂಡಿರುತ್ತೆ ಅಂತ ನೋಡ್ಬೇಕು."

ಸುದ್ದಿ ತಮ್ಮೇಗೌಡರಿಗೆ ಮುಟ್ಟಿತು. ಗೌಡರು ಕೆಟ್ಟವರಲ್ಲ. ದೊಡ್ಡ ಮನುಷ್ಯರಿಗೆ ಇರಬೇಕಾದಷ್ಟು ಔದಾರ್ಯ ಅವರಲ್ಲಿತ್ತು, ಅದನ್ನು ಮಾತಿನಲ್ಲಿ ಖರ್ಚು ಮಾಡುತ್ತಿದ್ದರು. "ಒಳ್ಳೇದಾಯ್ತು ಕಣಮ್ಮ," ಎಂದರು. "ವಯಸ್ಸಾದ್ಮೇಲೆ ಕೈಯಾಡ್ಸಕ್ಕೆ ಒಂದು ಹಿತ್ತಲು ಬೇಕು." ಆ ಮಾತು ಮುಗಿಯುವಷ್ಟರಲ್ಲಿ ನೆಲಕ್ಕೆ ನಾಮಕರಣ ಆಗಿಹೋಗಿತ್ತು. ಅವತ್ತಿನಿಂದ ಅದು ನಾಗವೇಣಮ್ಮನ ಹಿತ್ತಲು.

ನಾನು ನಿಘಂಟು ತೆಗೆದು ನೋಡಿದೆ. ಹಿತ್ತಲು ಎಂದರೆ ಮನೆಯ ಹಿಂಬದಿಯ ಜಾಗ. ಆ ನೆಲದ ಮುಂದೆ ಮನೆಯೇ ಇರಲಿಲ್ಲ, ಕೆರೆ ಇತ್ತು. ಇದನ್ನು ಗೌಡರ ಗಮನಕ್ಕೆ ತಂದಾಗ ಅವರು ಸ್ವಲ್ಪವೂ ವಿಚಲಿತರಾಗದೆ, "ಊರಿನ ಹಿತ್ತಲು ಅಂದ್ಕೊಳಿ," ಎಂದುಬಿಟ್ಟರು. ವಾಚನಾಲಯಕ್ಕೆ ಬರುತ್ತಿದ್ದವರು ಅಲ್ಲಿಂದಲೇ ಎರಡು ಪಾಲಾದದ್ದು. ಮನೆ ಇಲ್ಲದೆ ಹಿತ್ತಲಿರಬಹುದೇ ಎಂಬ ಬಗ್ಗೆ ನಡೆದ ವಾದಗಳನ್ನು ಬರೆದಿಟ್ಟಿದ್ದರೆ ತರ್ಕಶಾಸ್ತ್ರಕ್ಕೆ ಒಂದು ಸೇವೆಯಾಗುತ್ತಿತ್ತು.

ನಾಗವೇಣಮ್ಮ ವಾದಕ್ಕೆ ಬರಲಿಲ್ಲ. ಸುಣ್ಣದ ಚೂರುಗಳನ್ನು ಆರಿಸಿ ಹಾಕಿದರು, ಕೆರೆಯ ಗೋಡುಮಣ್ಣು ಹೊತ್ತು ಸುರಿದರು, ಮಳೆ ಬಿದ್ದ ಮೇಲೆ ಬಿತ್ತಿದರು. ಬಿತ್ತಿದ ರೀತಿಯಲ್ಲಿ ಒಂದು ವಿಶೇಷವಿತ್ತು. ಜೀವಮಾನವೆಲ್ಲ ಮುಹೂರ್ತಕ್ಕೆ ಸರಿಯಾಗಿ ಹತ್ತು ಪದಾರ್ಥ ಒಟ್ಟಿಗೆ ಇಳಿಸಿದ ಕೈ ಅದು. ಯಾವ ತರಕಾರಿ ಕಾಯಿ ಬಿಡಲು ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂದು ಊರೆಲ್ಲ ವಿಚಾರಿಸಿ, ನಿಧಾನದ್ದನ್ನು ಮೊದಲು, ಬೇಗದ್ದನ್ನು ಕೊನೆಗೆ, ಬೇಳೆ ಒಲೆಗೇರಿಸಿ ಆಮೇಲೆ ಸೊಪ್ಪು ಹೆಚ್ಚುವ ಲೆಕ್ಕದಲ್ಲಿ ನೆಲಕ್ಕೆ ಹಾಕಿದರು. ಅವರ ಲೆಕ್ಕ ಒಂದು ಚೂರೂ ತಪ್ಪಲಿಲ್ಲ. ಆಷಾಢದ ಒಂದೇ ವಾರದಲ್ಲಿ ಬದನೆ, ಬೆಂಡೆ, ಹೀರೆ, ಕೊತ್ತಂಬರಿ ಎಲ್ಲವೂ ಒಟ್ಟಿಗೆ ಕೈಗೆ ಬಂದವು. ಆಷಾಢದಲ್ಲಿ ಮದುವೆಗಳಿಲ್ಲ. ಇಡೀ ಛತ್ರಕ್ಕೆ ಸಾಲುವಷ್ಟು ತರಕಾರಿ ತಯಾರಾಗಿ ನಿಂತಿತ್ತು, ಗಂಡು ಹೆಣ್ಣು ಎರಡೂ ಕಡೆಯವರು ನಾಪತ್ತೆ.

ಊರು ಆ ವಾರವೆಲ್ಲ ನಕ್ಕಿತು, ನಗುತ್ತಲೇ ಬದನೆಕಾಯಿ ತಿಂದಿತು. ಸಂತೆಗೆ ಹೋಗುವ ಗಾಡಿಯವರು, "ಏನ್ ನಾಗವೇಣಕ್ಕ, ಬೀಗರೂಟ ಯಾವತ್ತು?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು. "ನಿನ್ನ ಎರಡನೇ ಮದುವೆಗೆ ಕಣೋ, ಮೊದಲನೇಳನ್ನ ಕೇಳ್ಕೊಂಡ್ ಬಾ," ಎಂದು ಆಕೆಯೂ ಕೂಗುತ್ತಿದ್ದರು. ಆದರೆ ಒಂದು ಸಂಜೆ ವಾಚನಾಲಯದ ಮೆಟ್ಟಿಲ ಮೇಲೆ ಕೂತು ಬೇರೆ ದನಿಯಲ್ಲಿ ಹೇಳಿದರು: "ನೋಡಿ ಸ್ವಾಮಿ, ಇಷ್ಟು ವರ್ಷ ನಾನು ಉಪಚಾರ ಮಾಡಿದ್ದು ಒಂದು ದಿನದ ಹಸಿವಿಗೆ. ದಿನಾ ದಿನದ ಹಸಿವು ಏನೂಂತ ನೆಲ ಹೇಳ್ಕೊಡ್ತಿದೆ. ಕೂರಿಸೋದ್ರಲ್ಲೇ ತಪ್ಪು ಮಾಡಿದೀನಿ. ಎಲ್ಲರನ್ನೂ ಒಂದೇ ಪಂಕ್ತೀಲಿ ಕೂರಿಸ್ಬಿಟ್ಟೆ."

ಮರುದಿನದಿಂದ ಪಾತಿಗಳು ಪಂಕ್ತಿಗಳಾದವು. ಮೊದಲ ಪಂಕ್ತಿ ಏಳುವ ಹೊತ್ತಿಗೆ ಎರಡನೆಯದು ಕೂರಬೇಕು, ಎರಡನೆಯದು ಮಜ್ಜಿಗೆಗೆ ಬರುವಾಗ ಮೂರನೆಯದಕ್ಕೆ ಎಲೆ ಹಾಕಿರಬೇಕು. ಹೀಗೆ ವಾರ ವಾರಕ್ಕೆ ಬಿಡಿಸಿ ಬಿತ್ತುವುದನ್ನು ನಮ್ಮೂರಿನ ಹುಟ್ಟು ತೋಟಗಾರರೂ ಮಾಡುತ್ತಿದ್ದರು, ಆದರೆ ಮೊದಲ ಪಂಕ್ತಿಯಲ್ಲಿ ಕೂತ ಮೂಲಂಗಿಗೆ "ಇನ್ನೂ ಏಳಲಿಲ್ವಾ ನೀನು?" ಎಂದು ಗದರುತ್ತಾ ಮಾಡುತ್ತಿದ್ದವರು ಇವರೊಬ್ಬರೇ.

ನೀರು ಶೇಷಪ್ಪನವರ ಪಾಲಿನದು. ಹೆಗಲ ಮೇಲೆ ಅಡ್ಡೆ, ಅದರ ಎರಡು ತುದಿಗೆ ಸಾರಿನ ಕೊಳಗಗಳು. ಕೆರೆಯ ಸೋಪಾನದಿಂದ ತುಂಬಿಕೊಂಡು ಏರಿ ಹತ್ತಿ ಇಳಿದು ಬಂದು, ಕೊಳಗಕ್ಕೆ ಸೌಟು ಹಾಕಿ ಗಿಡಗಿಡಕ್ಕೂ ಬಡಿಸುತ್ತಿದ್ದರು. ಒಂದು ಗಿಡವನ್ನೂ ಬಿಡುತ್ತಿರಲಿಲ್ಲ, ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಇಲ್ಲ, ಮಣ್ಣಿನಾಚೆ ಒಂದು ಹನಿ ಚೆಲ್ಲುವಂತಿಲ್ಲ. ಪ್ರತಿ ಬುಡದ ಹತ್ತಿರ ಬಗ್ಗಿ, "ಸಾಕಾ? ಇನ್ನೊಂಚೂರು?"

ಒಂದು ದಿನ ನಾನು ತಡೆಯಲಾರದೆ ಕೇಳಿದೆ: "ಶೇಷಪ್ಪನವರೆ, ಯಾವ ಗಿಡವಾದರೂ ಬೇಡ ಅಂದದ್ದುಂಟೇ?"

ಅವರು ಯೋಚಿಸಿದರು. "ಬೇಡ ಅನ್ನೋರಿಗೆ ಬಡಿಸದಿದ್ರೂ ನಡೀತದೆ ಸ್ವಾಮಿ," ಎಂದರು. "ಸುಮ್ನೆ ಕೂತಿರ್ತಾರಲ್ಲ, ಅವರನ್ನ ನೋಡ್ಕೋಬೇಕು. ಸಂಕೋಚದೋರು ಬಾಯ್ಬಿಟ್ಟು ಕೇಳಲ್ಲ." ಆಡಿದ್ದು ಜಾಸ್ತಿಯಾಯಿತು ಎನ್ನಿಸಿರಬೇಕು, ಮುಂದಿನ ಬೆಂಡೆ ಗಿಡಕ್ಕೆ ಏನೂ ಕೇಳದೆಯೇ ಬಡಿಸಿದರು.

ಈ ನೀರಿನ ಮೆರವಣಿಗೆ ನಡೆಯುತ್ತಿದ್ದುದು ಕಾಲುವೆಯನ್ನು ದಾಟಿಕೊಂಡೇ. ತುಂಬಿ ಹರಿಯುವ ನೀರಿನ ಮೇಲೆ ಹಾಕಿದ ಕಲ್ಲಿನ ಮೇಲೆ, ದೂರದಿಂದ ಹೊತ್ತು ತಂದ ನೀರಿನೊಡನೆ ಆ ಮನುಷ್ಯ ದಿನಕ್ಕೆ ಅದೆಷ್ಟು ಸಲ ಓಡಾಡಿದರೋ. ಒಂದು ಸೌಟನ್ನಾದರೂ ಅದರಲ್ಲಿ ಅದ್ದಿದ್ದನ್ನು ನಾನು ನೋಡಲಿಲ್ಲ. ಗವಿರಂಗಪ್ಪನೂ ನೋಡಲಿಲ್ಲ, ಅವನು ನೋಡಲೆಂದೇ ಕೂತಿರುತ್ತಿದ್ದ.

ಗವಿರಂಗಪ್ಪನ ಸಂಕಟ ಬೇರೆ. ನಾಗವೇಣಮ್ಮ ಕೈ ತುಂಬ ಬದನೆಕಾಯಿ ಹಿಡಿದು ಬೇಲಿಯ ಬಳಿ ಬಂದರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

"ತಗೊಳಪ್ಪ, ಎಳೇದು."

"ಬ್ಯಾಡಿ ಕಣವ್ವ. ಮೊರ ಐತೆ."

"ಕೈಲಿ ತಗೋ."

"ಕೈಲಿ ತಗಂಡ್ರೆ ಮೊರಕ್ ಬೀಳ್ತದೆ. ಮೊರಕ್ ಬಿದ್ರೆ ಗೌಡ್ರು ನನ್ನ ಬೀಳಿಸ್ತಾರೆ."

ಆದರೆ ಬೇಯಿಸಿದ್ದಕ್ಕೆ ಕಟ್ಟಳೆ ಇರಲಿಲ್ಲ. ಮಧ್ಯಾಹ್ನವಾದರೆ ಮೊರವನ್ನು ಬೇಲಿಯಾಚೆ ಹೊಂಗೆ ಮರಕ್ಕೆ ನೇತುಹಾಕಿ ಒಳಗೆ ಬರುತ್ತಿದ್ದ. ಹಸಿ ಬದನೆಕಾಯಿ ಕಂಡರೆ ಓಡುವವನು ಬೆಂದ ಬದನೆಕಾಯಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಕಟ್ಟಳೆಯೂ ಉಳಿಯಿತು, ಎಣ್ಣೆಗಾಯಿಯೂ ವ್ಯರ್ಥವಾಗಲಿಲ್ಲ.

ಅವನ ಹೆಂಡತಿ ಮಾರಕ್ಕ ಹೊಟ್ಟೆಪಾಡಿಗೆ ಕಳೆ ಕೀಳುವ ಕೆಲಸಕ್ಕೆ ಹೋಗುತ್ತಿದ್ದವಳು. ಶ್ರಾವಣದಲ್ಲಿ ನಾಗವೇಣಮ್ಮನ ನೆಲಕ್ಕೂ ಬಂದಳು. ಇಬ್ಬರೂ ಹೆಸರುಕಾಳಿನ ಸಾಲಿನಲ್ಲಿ ಪಕ್ಕಪಕ್ಕ ಕೂತು ಕಳೆ ಕೀಳುತ್ತಾ ಆಡುತ್ತಿದ್ದ ಮಾತುಗಳ ಪೈಕಿ ಗಾಳಿ ಕಿಟಕಿಗೆ ತಂದುಕೊಟ್ಟಷ್ಟನ್ನು ನಾನು ಕೇಳುತ್ತಿದ್ದೆ. ಹೆಚ್ಚಿನವು ಗವಿರಂಗಪ್ಪನ ಗೊರಕೆಯ ಬಗ್ಗೆ.

ಭಾದ್ರಪದ ಬಂತು, ಗೌರಿ ಹಬ್ಬ ಬಂತು. ಹಬ್ಬದ ಬೆಳಗ್ಗೆ ನಾಗವೇಣಮ್ಮ ಅರಿಶಿನ ಬಳಿದ ಜೋಡಿ ಮೊರವನ್ನು ಒಂದರ ಮೇಲೊಂದು ಕವುಚಿ, ಸೆರಗಿನಡಿ ಹಿಡಿದು ವಾಚನಾಲಯದ ಮುಂದೆ ಹಾದುಹೋದರು. ಬಾಗಿನ ಕೊಡಲು ಹೋಗುವ ಹೆಂಗಸರು ಎಡಕ್ಕೆ, ಗುಡಿಯ ಬೀದಿಗೆ, ತಿರುಗುವುದು ರೂಢಿ. ಅವರು ಬಲಕ್ಕೆ ತಿರುಗಿದರು. ಬಲಕ್ಕೆ ಇದ್ದದ್ದು ಗವಿರಂಗಪ್ಪನ ಕೇರಿ.

ಆ ಕೇರಿಗೆ ನಮ್ಮೂರಿನಿಂದ ಬಾಗಿನ ಹೋಗುವ ಪದ್ಧತಿ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಯಾರೂ ಕೇಳಿರಲಿಲ್ಲ; ಪದ್ಧತಿಯ ಅರ್ಧ ಭಾಗ ಇರುವುದೇ ಆ ಕೇಳದಿರುವುದರಲ್ಲಿ. ಮಾರಕ್ಕ ಸೆರಗೊಡ್ಡಿ ತೆಗೆದುಕೊಂಡಳಂತೆ. ಊರಿನಲ್ಲಿ ಗುಸುಗುಸು ಎದ್ದಿತು. ಸಂಜೆ ನಾಗವೇಣಮ್ಮನನ್ನು ಕೇಳಿದೆ: "ಜನ ಏನೇನೋ ಅಂತಿದ್ದಾರಲ್ಲ?"

"ಎಲೆ ಹಾಕಿ ಕೂರಿಸಿದ ಮೇಲೆ ನಡುವೆ ಒಂದು ಎಲೆ ಬಿಟ್ಟು ಬಡಿಸಕ್ಕಾಗತ್ತಾ ಸ್ವಾಮಿ? ಇಷ್ಟು ವರ್ಷ ಬಿಟ್ಟೇ ಬಡಿಸಿದ್ದೆ. ಎಸರು ನೋಡ್ತಾ ನಿಂತೋಳಿಗೆ ಎಲೆ ಕಾಣಿಸಲಿಲ್ಲ. ಪಕ್ಕದಲ್ಲಿ ಕೂತು ಕಳೆ ಕಿತ್ತಳಲ್ಲ, ಆಗ ಕಾಣಿಸ್ತು."

ಮಳೆಗಾಲ ಕಳೆದು ಅವರೆಯ ಸೊಗಡು ಏರಿದ ಮೇಲೆ ಒಂದು ಬೆಳಗ್ಗೆ ನಾಗವೇಣಮ್ಮ ನೆಲದ ಅಂಚಿನಲ್ಲಿ ಹೆಜ್ಜೆ ಅಳೆಯುತ್ತಾ ಓಡಾಡುತ್ತಿದ್ದರು. ಏನೆಂದು ಕೇಳಿದರೆ, "ಬರೋ ವರ್ಷಕ್ಕೆ ಬಾಳೆ," ಎಂದರು.

"ಹಣ್ಣಿಗೋ, ಕಾಯಿಗೋ?"

"ಎಲೆಗೆ." ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ನಾಚಿಕೆ ಇತ್ತು. "ಜೀವಮಾನವೆಲ್ಲ ಎಲೆ ಮೇಲೆ ಹಾಕೋದನ್ನ ಮಾಡಿದೆ. ಎಲೆ ಮಾಡ್ಲಿಲ್ಲ. ಒಂದು ಮದುವೆಗಾದ್ರೂ ಎಲ್ಲ ಎಲೇನೂ ನಮ್ಮ ನೆಲದ್ದೇ ಹೋಗ್ಬೇಕು. ಅಡುಗೆ ಯಾರಾದ್ರೂ ಮಾಡ್ಕೊಳ್ಲಿ."

ಬಾಳೆ ಸೌಟಿನಲ್ಲಿ ಬಡಿಸಿದರೆ ಉಣ್ಣುವ ಜಾತಿಯಲ್ಲ. ಅದಕ್ಕೆ ಕಾಲುವೆಯೇ ಬೇಕು. ಕಾಲುವೆ ಬೇಕಾದರೆ ನೆಲ ತೋಟವಾಗಬೇಕು. ಹೀಗೆ, ನಮಗೆ ಹೊತ್ತು ಕಳೆಯುವ ವಾದವಾಗಿದ್ದ ಒಂದು ಮಾತು ಆಕೆಗೆ ಮುಂದಿನ ವರ್ಷವೇ ಆಗಿ ಕೂತಿತು.

ಮಾಘದ ಕೊನೆಗೆ ಶೇಷಪ್ಪನವರ ಹೆಗಲು ಕೈಕೊಟ್ಟಿತು. ತೋಳು ಎತ್ತಲಾಗದೆ ಅವರು ಬದುವಿನ ಮೇಲೆ ಕೂತರು, ಅಡ್ಡೆ ನಾಗವೇಣಮ್ಮನ ಹೆಗಲಿಗೆ ಬಂತು. ಬಿಸಿಲೇರುತ್ತಿತ್ತು. ಒಂದೊಂದೇ ಪಂಕ್ತಿಯನ್ನು ಎಬ್ಬಿಸಿ, ಜಾಗವನ್ನು ಖಾಲಿ ಬಿಡುತ್ತಾ ಬಂದರು. ಅದೇ ಹೊತ್ತಿಗೆ ಪಕ್ಕದ ಊರಿನ ದೊಡ್ಡ ಮನೆಯವರು ವೈಶಾಖದ ಮದುವೆಗೆ ಅಡುಗೆ ಒಪ್ಪಿಕೊಳ್ಳಿ ಎಂದು ತಾಂಬೂಲ ಹಿಡಿದು ಬಂದರು. ಮನೆಯ ಮೂಲೆಯಲ್ಲಿ ಬೋರಲು ಹಾಕಿದ್ದ ಕಡಾಯಿಗಳನ್ನು ನಾಗವೇಣಮ್ಮ ಒಮ್ಮೆ ನೋಡಿದರು. "ಯುಗಾದಿ ಕಳೀಲಿ, ಹೇಳ್ತೀನಿ," ಎಂದರು. ಯುಗಾದಿಯ ಸಂಜೆ ಕೆರೆ ಏರಿಯ ಮೇಲೆ ಯಜಮಾನರು ಕೂತು ಮುಂದಿನ ವರ್ಷದ ಸರದಿ ಗೊತ್ತುಮಾಡುತ್ತಾರೆ. ಅಲ್ಲಿ ಹಿತ್ತಲು ಎಂದರೆ ಒಲೆ, ತೋಟ ಎಂದರೆ ಬಾಳೆ.

ಹಬ್ಬದ ಹಿಂದಿನ ದಿನ ನನಗೊಂದು ಯುಕ್ತಿ ಹೊಳೆಯಿತು. ಓದುವವರಿಗೆ ಹೊಳೆಯುವ ಯುಕ್ತಿಗಳಂತೆ ಅದೂ ಬಹಳ ಸೊಗಸಾಗಿತ್ತು. ಗೌರಿಯ ಬಾಗಿನದಲ್ಲಿ ಹೋದ ಹೆಸರುಕಾಳು, ಅಲಸಂದೆ ಎಲ್ಲ ಆ ನೆಲದ ಫಸಲು. ಅದು ಹೋದದ್ದು ಮೊರದಲ್ಲಿ. ಹೋಗಿ ಸೇರಿದ್ದು ನೀರುಗಂಟಿಯ ಮನೆಗೆ. ಕಟ್ಟಳೆಗೆ ಇನ್ನೇನು ಬೇಕು? ಓಡಿಹೋಗಿ ನಾಗವೇಣಮ್ಮನಿಗೆ ವಿವರಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ನಂತರ ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟು ಹೇಳಿದರು: "ಇದನ್ನ ನಾಳೆ ಅಲ್ಲಿ ಎತ್ತಬೇಡಿ ಸ್ವಾಮಿ. ಅದು ಬಾಗಿನ. ಮಾರಕ್ಕ ಚೆನ್ನಾಗಿರ್ಲಿ ಅಂತ ಕೊಟ್ಟಿದ್ದು. ಕೊಟ್ಟು, ಆಮೇಲೆ ಹೋಗಿ ಅದಕ್ಕೆ ನೀರು ಕೊಡಿ ಅಂದ್ರೆ, ಅವತ್ತು ಅವಳ ಮನೆಗೆ ನಾನು ಹೋಗಿದ್ದು ಏನಕ್ಕೆ ಅಂತ ಆಗುತ್ತೆ?"

"ಬಾಳೆ?"

"ಎಲೆ ಬೇಕು ಅಂತ ಬಾಗಿನ ಮಾರಕ್ಕಾಗಲ್ಲ."

ನಾನು ಓದಿದ ಗ್ರಂಥಗಳಲ್ಲಿ ಇಂಥ ಹೆಂಗಸರು ಬರುತ್ತಾರೆ. ಅವರು ಬೆವರೊರೆಸಿಕೊಂಡು ಮತ್ತೆ ಕುಡುಗೋಲು ಹಿಡಿಯುವುದನ್ನು ಮಾತ್ರ ಯಾವ ಗ್ರಂಥದಲ್ಲೂ ಕಂಡಿರಲಿಲ್ಲ.

ಯುಗಾದಿಯ ಸಂಜೆ ಊರೆಲ್ಲ ಏರಿಯ ಮೇಲಿತ್ತು. ಗಂಡಸರು ತೂಬಿನ ಕಲ್ಲಿನ ಸುತ್ತ, ಹೆಂಗಸರು ಚಂದ್ರ ಕಾಣುವ ನೆಪದಲ್ಲಿ ಸ್ವಲ್ಪ ಹಿಂದೆ. ಗೌಡರು ಒಂದೊಂದು ನೆಲದ ಹೆಸರು ಹೇಳುತ್ತಾ ಬಂದರು. ಗವಿರಂಗಪ್ಪ ಪಕ್ಕದಲ್ಲಿ ಕೂತು "ಹೂಂ, ಬಿದ್ದೈತೆ" ಎನ್ನುತ್ತಾ ಬಂದ. ಕೊನೆಗೆ ಗೌಡರು ನಾಗವೇಣಮ್ಮನ ಕಡೆ ನೋಡಿದರು.

"ಬಾಳೆ ಹಾಕ್ಬೇಕು ಅಂತಿದೀಯಂತೆ ಕಣಮ್ಮ. ಒಳ್ಳೇದು. ಆದ್ರೆ ಕಟ್ಟಳೆ ಕಟ್ಟಳೇನೇ. ಏನ್ಲಾ ರಂಗ, ಆ ನೆಲದ್ದು ಮೊರಕ್ ಬಿದ್ದೈತಾ?"

"ಇಲ್ಲ ಬುದ್ಧಿ," ಎಂದ ಗವಿರಂಗಪ್ಪ, ತಲೆ ತಗ್ಗಿಸಿ. ತಿಂದ ಎಣ್ಣೆಗಾಯಿಯೆಲ್ಲ ಅವನ ಮುಖದಲ್ಲಿ ಕಾಣುತ್ತಿತ್ತು. "ಬೇಲಿ ದಾಟೋವಾಗೆಲ್ಲ ಬೋರ್ಲಾಕ್ಕೊಂಡಿವ್ನಿ. ಊರೇ ನೋಡೈತೆ."

"ಹಂಗಾದ್ರೆ ಹಿತ್ತಲು. ಮುಗೀತು, ಏಳ್ರಪ್ಪ—"

"ಗೌಡ್ರೆ, ಒಂದ್ ಮಾತು."

ಹಿಂದಿನಿಂದ ಮಾರಕ್ಕ ಮುಂದೆ ಬಂದಳು. ಗೌಡರು ಹುಬ್ಬೇರಿಸಿದರು. "ನಿನ್ ಗಂಡ ಇಲ್ಲೇ ಕೂತವ್ನಲ್ಲಮ್ಮ?"

"ಅವ್ನು ಕೂತವ್ನೆ. ಅದಕ್ಕೇ ನಾನ್ ಎದ್ದು ಬಂದೆ." ಅವಳು ಸೆರಗಿನಡಿಯಿಂದ ಮೊರ ತೆಗೆದು ತೂಬಿನ ಕಲ್ಲಿನ ಮೇಲಿಟ್ಟಳು. "ಇದ್ಯಾರ್ ಮೊರ?"

"ನಿನ್ ಗಂಡಂದು. ನಮ್ ಕಣಕ್ಕೂ ಇದನ್ನೇ ತಂದಿದ್ದ."

"ತಿರುವಿ ನೋಡಿ."

ಗೌಡರು ತಿರುವಿದರು. ಬಿದಿರ ಹೆಣಿಗೆಯ ಸಂದುಗಳಲ್ಲಿ ಮಾಸಿದ ಅರಿಶಿನ, ಅಂಚಿನಲ್ಲಿ ಕುಂಕುಮದ ಐದು ಬೊಟ್ಟು.

"ಹಳೇ ಮೊರ ಇಲಿ ಕಡೀತು," ಎಂದಳು ಮಾರಕ್ಕ. "ನಾನ್ ಗೋಡೇಲಿ ನೇತಾಕಿದ್ದ ಇದನ್ನ ಇವ್ನು ಎತ್ಕಂಡು ಸುಗ್ಗಿಗೆ ಹೊಂಟ. ಇದು ನಾಗವೇಣವ್ವ ಗೌರಿಲಿ ನಂಗೆ ಕೊಟ್ಟ ಬಾಗಿನದ ಮೊರ. ನಮ್ಮನೆಗೆ ಬರೋವಾಗ್ಲೇ ಆ ನೆಲದ ಕಾಳು ತುಂಬ್ಕೊಂಡು ಬಂದದ್ದು. ಅದನ್ನೇ ಇವ್ನು ಬೇಲಿ ತಾವ ತಲೆಗೆ ಬೋರ್ಲಾಕ್ಕೊಂಡು, ಅರಿಶಿನ ಮೇಲ್ ಮಾಡ್ಕೊಂಡು, ಊರಿಗೆಲ್ಲ ತೋರಿಸ್ಕೊಂಡು ತಿರುಗವ್ನೆ."

ಗವಿರಂಗಪ್ಪ ತಾನು ಸುಗ್ಗಿಯೆಲ್ಲ ಹೊತ್ತ ಟೋಪಿಯನ್ನು ಆಗಲೇ ಮೊದಲ ಸಲ ನೋಡುವವನಂತೆ ನೋಡಿದ. "ನಂಗೇನ್ ಗೊತ್ತು? ಮೊರ ಅಂದ್ರೆ ಮೊರ," ಎಂದ. ಯಾರೋ ನಕ್ಕರು, ಆಮೇಲೆ ಏರಿಯೇ ನಕ್ಕಿತು. ನನ್ನ ಸೊಗಸಾದ ಯುಕ್ತಿಯಲ್ಲಿ ಈ ಟೋಪಿ ಇರಲಿಲ್ಲ.

ಗೌಡರು ನಗಲಿಲ್ಲ. ನಾಗವೇಣಮ್ಮನ ಕಡೆ ತಿರುಗಿದರು. "ನೀನ್ ಏನಂತೀಯಮ್ಮ?"

ಆಕೆ ಒಂದು ಕ್ಷಣ ಕಾಲುವೆಯ ಕಡೆ ನೋಡಿದರು. "ನಾನು ಕೊಟ್ಟಿದ್ದು ಬಾಗಿನ, ಗೌಡರೆ. ನೀರಿಗೆ ಅಂತ ಕೊಟ್ಟಿದ್ದಲ್ಲ. ಅದನ್ನ ಇದರಲ್ಲಿ ಸೇರಿಸ್ಬೇಡಿ."

ಗೆದ್ದ ಆಟವನ್ನು ಕೈಯಾರೆ ಚೆಲ್ಲುವುದನ್ನು ನೋಡಿ ನನ್ನ ಪಕ್ಕದವರು ತಲೆ ಚಚ್ಚಿಕೊಂಡರು. ಗೌಡರಿಗೆ ಉಸಿರು ಬಂತು. ಉಸಿರಿನ ಜೊತೆಗೆ ಔದಾರ್ಯವೂ ಬಂತು, ಮಾತಿನಲ್ಲಿ.

"ನೋಡು, ಕೊಟ್ಟೋರೇ ಹೇಳ್ತಾವ್ರೆ. ದೊಡ್ಡ ಗುಣ. ಇನ್ ಅನುಮಾನ ಯಾಕೆ ಉಳೀಬೇಕು? ಮಾರಕ್ಕ, ಬಾಗಿನ ವಾಪಸ್ ಕೊಟ್ಬುಡು, ಇತ್ಯರ್ಥ ಆಗೋಯ್ತದೆ."

ಗಂಡನ ಆಯಸ್ಸು ಗಟ್ಟಿಯಾಗಿರಲಿ ಎಂದು ಬೇಡಿಕೊಂಡು ಸೆರಗಿಗೆ ಹಾಕಿಸಿಕೊಂಡ ಬಾಗಿನವನ್ನು ಹಿಂದಕ್ಕೆ ಕೊಡುವುದು ಎಂದರೇನು ಎಂಬುದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಅವರ ಗಂಡಂದಿರಿಗೂ ಗೊತ್ತಿತ್ತು, ಗೌಡರಿಗೆ ಮಾತ್ರ ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು.

"ಏನಂದ್ರಿ?" ಗೌಡರ ಹೆಂಡತಿ ದೇವೀರಮ್ಮನ ದನಿ ಹಿಂದಿನಿಂದ ಬಂತು. "ಇನ್ನೊಂದ್ಸಲ ಅನ್ನಿ. ನಂಗೆ ಬಂದಿರೋ ಬಾಗಿನಾನೂ ಕಟ್ಟಿಡ್ಲಾ, ವಾಪಸ್ ಕಳ್ಸಕ್ಕೆ? ನಿಮ್ ಆಯಸ್ಸು ನೋಡ್ಕಂಡು ಹೇಳಿ."

"ಗೌಡ್ರೆ," ಎಂದ ಗವಿರಂಗಪ್ಪ ಗಾಬರಿಯಿಂದ, "ನಾನ್ ಇನ್ನೂ ಬದುಕ್ಬೇಕು ಬುದ್ಧಿ."

ಮಾರಕ್ಕ ಮೊರವನ್ನು ಕಲ್ಲಿನಿಂದ ಎತ್ತಿ ಎದೆಗವುಚಿಕೊಂಡಿದ್ದಳು. ಅವಳ ದನಿ ತಗ್ಗಿತ್ತು. "ಹುಟ್ಟಿದಾಗಿಂದ ನಂಗೆ ಬಂದಿರೋದು ಇದೊಂದೇ ಬಾಗಿನ. ನೀವು ಹಿತ್ತಲು ಅನ್ನಿ, ತೋಟ ಅನ್ನಿ, ಇದನ್ನ ಮಾತ್ರ ನಾನ್ ಕೊಡಕಿಲ್ಲ."

ದೇವೀರಮ್ಮ ನಾಲ್ಕು ಹೆಜ್ಜೆ ನಡೆದು ಬಂದು ಮಾರಕ್ಕನ ಪಕ್ಕ ನಿಂತರು. ಹಾಗೆ ಆ ಇಬ್ಬರು ಪಕ್ಕಪಕ್ಕ ನಿಂತದ್ದನ್ನು ನಾವು ಯಾರೂ ಮೊದಲು ಕಂಡಿರಲಿಲ್ಲ. ನಾಗವೇಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು; ಬೆವರಿರಬೇಕು.

ಗೌಡರು ನೀರು ನೋಡುತ್ತಾ ಲೆಕ್ಕ ಹಾಕಿದರು. ಮೊರವನ್ನು ಕೊಡಿಸುವಂತಿಲ್ಲ. ಕೊಡಿಸದಿದ್ದರೆ ಅದು ಆ ನೆಲದ ಫಸಲು ತುಂಬಿಕೊಂಡು ನೀರುಗಂಟಿಯ ಮನೆಗೆ ಬಂದ ಮೊರ, ಆಮೇಲೆ ಇಡೀ ಊರು ಕಾಳು ಹಾಕಿದ ಮೊರ. ಇದೇ ಮೊರ ಲೆಕ್ಕಕ್ಕಿಲ್ಲ ಎಂದರೆ ತಾವು ಹಾಕಿದ ಭತ್ತವೂ ಲೆಕ್ಕಕ್ಕಿಲ್ಲ, ತಮ್ಮ ಗದ್ದೆಗೂ ಸರದಿ ಇಲ್ಲ. ಅವರು ದೊಡ್ಡ ಗದ್ದೆಯವರು, ಯೋಚನೆ ಅಲ್ಲಿಗೆ ತಲುಪಲು ತಡವಾಗಲಿಲ್ಲ.

"ರಂಗ," ಎಂದರು ಕೊನೆಗೆ, "ಬಾಗಿನದ್ ಕಾಳು ಏನಾಯ್ತು?"

"ಹೆಸರುಕಾಳ್ ಉಸ್ಲಿ ಮಾಡಿದ್ಲು ಬುದ್ಧಿ. ತಿಂದೆ."

"ಹೆಂಗಿತ್ತು?"

ಗವಿರಂಗಪ್ಪ ಹೆಂಡತಿಯ ಮುಖ ನೋಡಿದ. "ಚೆನ್ನಾಗಿತ್ತು."

"ಹಂಗಾದ್ರೆ ತೋಟ," ಎಂದು ಗೌಡರು ಪಂಚೆ ಕೊಡವಿ ಎದ್ದರು.

ವೈಶಾಖದ ಮದುವೆಯವರಿಗೆ ಬೇರೆ ಅಡುಗೆಯವರನ್ನು ನೋಡಿಕೊಳ್ಳುವಂತೆ ನಾಗವೇಣಮ್ಮ ಮರುದಿನವೇ ಹೇಳಿಕಳಿಸಿದರು. ಅವರ ನೆಲಕ್ಕೆ ಶುಕ್ರವಾರದ ಸರದಿ ಸಿಕ್ಕಿತು. ಶುಕ್ರವಾರ ಬೆಳಗ್ಗೆ ಗವಿರಂಗಪ್ಪ ಕಾಲುವೆಯ ದಂಡೆಯನ್ನು ಗುದ್ದಲಿಯಿಂದ ಕಡಿದು ನೀರು ತಿರುಗಿಸಿದ. ಒಣಗಿದ ಮಣ್ಣು ಮೊದಲ ನೀರನ್ನು ಕುಡಿದುಬಿಟ್ಟಿತು. ಎರಡನೆಯದು ಸ್ವಲ್ಪ ಮುಂದೆ ಬಂದು, ಒಂದು ಹೆಂಟೆಗೆ ತಡೆದು ನಿಂತು, ಸುತ್ತು ಹಾಕಿ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಪಾತಿಯವರೆಗೂ ನೆಲ ತೊಯ್ದಿತ್ತು.